ಬೀಗ ಮುರಿಯುವುದೂ ಒಂದು ಕೆಲಸ

ಕಳೆದ ಈದ್‌ಗೆ ಬಡೇ ಅಬ್ಬಾ ಮನೆಗೆ ಹೋಗಿದ್ದೆವು. ಅವರ ಮಗ, ನಮಗೆಲ್ಲ ಭಾಯಿಜಾನ್, ಗಣಿತದಲ್ಲಿ ಪಿಎಚ್‌.ಡಿ. ಮುಗಿಸಿ ‘ಪೋಸ್ಟ್‌ಡಾಕ್’ ಹುದ್ದೆಗಳಿಗೆ ಅರ್ಜಿ ಹಾಕುತ್ತಿದ್ದಾರೆ. ವಯಸ್ಸು ಮೂವತ್ತೊಂದು. ದಾದಿ ಎಲ್ಲರ ಮುಂದೆ ಕೇಳಿದರು: “ಔರ್ ಕಿತ್ತಾ ಪಡ್ತಾ?” ಇನ್ನೂ ಎಷ್ಟು ಓದುತ್ತಾನೆ ಎಂದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಭಾಯಿಜಾನ್ ತಲೆ ತಗ್ಗಿಸಿದರು. ಒಂದು ಕಡೆಯಿಂದ ಆಗಲೇ ‘ಇಲ್ಲ’ ಎಂಬ ಉತ್ತರ ಬಂದಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಅವರ ಪಕ್ಕ ಕೂತು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಪೋಸ್ಟ್‌ಡಾಕ್ ಎಂದರೆ ಇನ್ನೊಂದು ಡಿಗ್ರಿ ಅಲ್ಲ. ಅದಕ್ಕೆ ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಪಿಎಚ್‌.ಡಿ. ಆದವರು ಒಬ್ಬ ಪ್ರೊಫೆಸರ್ ತಂಡದಲ್ಲಿ ಕೆಲವು ವರ್ಷಗಳ ಅವಧಿಗೆ ಸಂಬಳಕ್ಕೆ ಮಾಡುವ ಸಂಶೋಧನೆಯ ಕೆಲಸ. ಕಾಯಂ ನೌಕರಿ ಅಲ್ಲ, ಮನೆಯವರಿಗೆ ಚಿಂತೆ ಇರುವುದೇ ಅಲ್ಲಿ.

ಭಾಯಿಜಾನ್ ವಿಷಯ ‘ಪೋಸ್ಟ್‌ ಕ್ವಾಂಟಂ ಕ್ರಿಪ್ಟೋಗ್ರಫಿ’. ಹೆಸರು ಉದ್ದ, ಆದರೆ ಮಾತು ಬೀಗದ್ದು. 13 ಮತ್ತು 17ನ್ನು ಗುಣಿಸಿದರೆ 221, ಇದು ಸುಲಭ. 221 ಯಾವ ಎರಡು ಸಂಖ್ಯೆಗಳನ್ನು ಗುಣಿಸಿದಾಗ ಬಂತು ಎಂದು ಕೇಳಿದರೆ ಸ್ವಲ್ಪ ಯೋಚಿಸಬೇಕು. ಆ ಸಂಖ್ಯೆ 617 ಅಂಕಿಗಳಷ್ಟು ಉದ್ದವಿದ್ದರೆ ಇಂದಿನ ಕಂಪ್ಯೂಟರುಗಳಿಗೂ ಸಾಧ್ಯವಿಲ್ಲ. ಇಂಟರ್‌ನೆಟ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಆರ್‌ಎಸ್‌ಎ ಎಂಬ ಬೀಗ ನಿಂತಿರುವುದು ಈ ಕಷ್ಟದ ಮೇಲೆ. ಆದರೆ 1994ರಲ್ಲಿ ಪೀಟರ್ ಶೋರ್ ಎಂಬ ಗಣಿತಜ್ಞರು, ಸಾಕಷ್ಟು ದೊಡ್ಡ ಕ್ವಾಂಟಂ ಕಂಪ್ಯೂಟರ್ ಇದ್ದರೆ ಈ ಲೆಕ್ಕ ಬೇಗ ಬಿಡಿಸಬಹುದು ಎಂದು ತೋರಿಸಿದರು. ಅಷ್ಟು ದೊಡ್ಡ ಯಂತ್ರ ಇನ್ನೂ ಬಂದಿಲ್ಲ.

ಬಾರದಿದ್ದರೆ ಈಗಲೇ ಏಕೆ ಅವಸರ? ನಾನೂ ಇದನ್ನೇ ಕೇಳಿದೆ. ಇಂದು ಬೀಗ ಹಾಕಿ ಕಳಿಸಿದ ಮಾಹಿತಿಯನ್ನು ಯಾರಾದರೂ ಹಾಗೇ ಕದ್ದಿಟ್ಟುಕೊಂಡು, ಯಂತ್ರ ಬಂದ ದಿನ ತೆರೆಯಬಹುದು. ಆಸ್ಪತ್ರೆಯ ದಾಖಲೆ, ಸರ್ಕಾರದ ಕಾಗದ ಇಪ್ಪತ್ತು ವರ್ಷದ ನಂತರವೂ ಗುಟ್ಟಾಗಿಯೇ ಇರಬೇಕಲ್ಲವೇ?

ಅದಕ್ಕೇ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2016ರಲ್ಲಿ ಹೊಸ ಬೀಗಗಳಿಗಾಗಿ ಜಗತ್ತಿಗೇ ಕರೆ ಕೊಟ್ಟಿತು. ಮೊದಲ ಸುತ್ತಿಗೆ 69 ವಿಧಾನಗಳು ಬಂದವು. 2022ರ ಜುಲೈನಲ್ಲಿ ನಾಲ್ಕು ಆಯ್ಕೆಯಾದವು, ಇನ್ನೂ ನಾಲ್ಕನ್ನು ಹೆಚ್ಚಿನ ಪರೀಕ್ಷೆಗೆ ಇಟ್ಟುಕೊಂಡರು. ಅವುಗಳಲ್ಲಿ ಒಂದು ‘ಸೈಕ್’.

ಭಾಯಿಜಾನ್ ಅರ್ಜಿ ಹಾಕಿರುವ ಊರುಗಳಲ್ಲಿ ಬೆಲ್ಜಿಯಂನ ಲ್ಯೂವೆನ್ ಒಂದು. ಅಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1425ರಲ್ಲಿ. ಅಲ್ಲಿಯ ಇಬ್ಬರು ಸಂಶೋಧಕರು, ವೌಟರ್ ಕಾಸ್ಟ್ರಿಕ್ ಮತ್ತು ಥಾಮಸ್ ಡೆಕ್ರು, ಅದೇ ಜುಲೈ ಮುಗಿಯುವುದರೊಳಗೆ ಸೈಕ್ ಬೀಗವನ್ನು ಮುರಿದರು. ಕ್ವಾಂಟಂ ಕಂಪ್ಯೂಟರಿನಿಂದಲ್ಲ. ಸಾಧಾರಣ ಕಂಪ್ಯೂಟರಿನ ಒಂದೇ ಕೋರ್‌ನಲ್ಲಿ, ಸುಮಾರು ಒಂದು ಗಂಟೆಯಲ್ಲಿ! ಅವರಿಗೆ ನೆರವಾದದ್ದು 1997ರ ಒಂದು ಶುದ್ಧ ಗಣಿತದ ಪ್ರಮೇಯ.

ಅದೇ ವಿಶ್ವವಿದ್ಯಾಲಯದಲ್ಲಿ ವಿನ್ಸೆಂಟ್ ರೈಮನ್ ಪಿಎಚ್‌.ಡಿ. ಮುಗಿಸಿ ಪೋಸ್ಟ್‌ಡಾಕ್ ಆಗಿದ್ದಾಗ ಗೆಳೆಯ ಯೋಆನ್ ಡಾಮನ್ ಜೊತೆ ಇನ್ನೊಂದು ಬೀಗ ಮಾಡಿದ್ದರು. 2000ದಲ್ಲಿ ನಿಸ್ಟ್ ಅದನ್ನು ಆರಿಸಿತು. ಅದೇ ಎಇಎಸ್. ನಮ್ಮ ವಾಟ್ಸಾಪ್ ಸಂದೇಶಗಳಿಗೂ ಅದೇ ಬೀಗ.

ನಾನು ಕಾಮರ್ಸ್ ವಿದ್ಯಾರ್ಥಿ. ಸೈಕ್ ಕಥೆ ಕೇಳಿದಾಗ ನನಗೆ ನೆನಪಾದದ್ದು ಆಡಿಟ್. ಆಡಿಟರ್ ಕಂಪನಿಯ ಶತ್ರು ಅಲ್ಲ. ತಪ್ಪನ್ನು ಅವರು ಮೊದಲೇ ಹಿಡಿದರೆ ಎಲ್ಲರ ದುಡ್ಡು ಉಳಿಯುತ್ತದೆ. ಸೈಕ್ ಮುರಿದದ್ದೂ ಹಾಗೆಯೇ. ಬ್ಯಾಂಕುಗಳೆಲ್ಲ ಅದನ್ನು ಹಾಕಿಕೊಂಡ ಮೇಲೆ ಕಳ್ಳನೊಬ್ಬ ಮುರಿದಿದ್ದರೆ? ಪರೀಕ್ಷೆಯಲ್ಲಿ ಉಳಿದುಕೊಂಡವುಗಳಿಂದ 2024ರ ಆಗಸ್ಟ್‌ನಲ್ಲಿ ಮೊದಲ ಮೂರು ಮಾನದಂಡಗಳು ಹೊರಬಂದವು. ಅವುಗಳನ್ನೂ ಯಾರಾದರೂ ಮುರಿಯಲು ಪ್ರಯತ್ನಿಸುತ್ತಲೇ ಇರಬೇಕು. ಪೋಸ್ಟ್‌ಡಾಕ್ ಹುದ್ದೆಗಳಿಗೆ ಸಂಬಳ ಕೊಡುವುದು ಇದಕ್ಕೇ.

ಈ ದಾರಿ ಹಿಡಿಯಬೇಕೆನ್ನುವ ನಮ್ಮ ಸೈನ್ಸ್ ಗೆಳೆಯರಿಗೆ ಒಂದು ಮಾತು: ಗಣಿತ, ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಯಾವುದರಿಂದಲೂ ಇಲ್ಲಿಗೆ ಬರಬಹುದು. ಅರ್ಜಿಯಲ್ಲಿ ಮುಖ್ಯವಾಗಿ ನೋಡುವುದು ನೀವು ಪ್ರಕಟಿಸಿದ ಪ್ರಬಂಧಗಳನ್ನು, ಮುಂದೆ ಏನು ಮಾಡುತ್ತೀರಿ ಎಂಬ ಬರಹವನ್ನು, ನಿಮ್ಮನ್ನು ಬಲ್ಲ ಪ್ರೊಫೆಸರುಗಳ ಪತ್ರಗಳನ್ನು. ‘ಇಲ್ಲ’ ಎಂಬ ಉತ್ತರ ಬಂದರೆ ಅದು ಕೊನೆಯಲ್ಲ, ಭಾಯಿಜಾನ್ ಮತ್ತೆ ಅರ್ಜಿ ಹಾಕುತ್ತಿದ್ದಾರೆ.

ಕೊನೆಗೆ ದಾದಿಗೆ ನಮ್ಮ ಮಾತಿನಲ್ಲೇ ಹೇಳಿದೆ: ಹೊಸ ಬೀಗ ಬಂದಾಗ ಕಳ್ಳನಿಗಿಂತ ಮೊದಲು ಮುರಿದು ನೋಡುವ ಕೆಲಸ ಭಾಯಿಜಾನ್‌ದು. ದಾದಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಪಗಾರ್ ದೇತೈಂ ಕ್ಯಾ?”

ಕೊಡುತ್ತಾರೆ ಎಂದೆ.

“ತೋ ಪಡ್ತಾ ಕತೆ ಕೈಕು ಬೋಲೆ?” ಎಂದು ನನ್ನನ್ನೇ ಗದರಿದರು. ಮತ್ತೆ ಓದುತ್ತಾನೆ ಅಂತ ಯಾಕೆ ಹೇಳಿದಿರಿ ಎಂದು!