ಫ್ಯಾಸಿಸಂ: ಮುನ್ಸೂಚನೆಯನ್ನು ಎಲ್ಲಿ ನೋಡಬೇಕು?

ಸರ್ವಾಧಿಕಾರಿ ಎಂದರೆ ಟ್ಯಾಂಕು, ಬಂದೂಕುಗಳೊಂದಿಗೆ ರಾಜಧಾನಿಗೆ ನುಗ್ಗುವವನು ಎಂಬ ಕಲ್ಪನೆ ಎಲ್ಲರಲ್ಲೂ ಇದೆ. ಬೆನಿಟೊ ಮುಸ್ಸೊಲಿನಿ 1922ರ ಅಕ್ಟೋಬರ್ 30ರಂದು ರೋಮ್ ತಲುಪಿದ್ದು ಮಿಲಾನ್‌ನಿಂದ ರಾತ್ರಿ ಹೊರಟ ರೈಲಿನ ಸ್ಲೀಪರ್ ಬೋಗಿಯಲ್ಲಿ ಮಲಗಿಕೊಂಡು. ಅವನ ಕರಿಯಂಗಿಯ ಪಡೆ ನಗರದ ಹೊರಗೆ ಮಳೆಯಲ್ಲಿ ನೆನೆಯುತ್ತಿತ್ತು. ಪ್ರಧಾನಿ ಲುಯಿಜಿ ಫಾಕ್ಟ ಸೇನಾಡಳಿತದ ಆದೇಶವನ್ನು ಸಿದ್ಧಪಡಿಸಿದ್ದರು. ದೊರೆ ಮೂರನೇ ವಿಕ್ಟರ್ ಇಮ್ಯಾನುಯೆಲ್ ಅದಕ್ಕೆ ಸಹಿ ಹಾಕದೆ, ಸರ್ಕಾರ ರಚಿಸಲು ಮುಸ್ಸೊಲಿನಿಯನ್ನೇ ಕರೆಸಿಕೊಂಡ.

ಆಗ 535 ಸದಸ್ಯರ ಸಂಸತ್ತಿನಲ್ಲಿ ಫ್ಯಾಸಿಸ್ಟರ ಬಲ ಕೇವಲ 35. ಹಿಂದಿನ ವರ್ಷ ಹಿರಿಯ ಉದಾರವಾದಿ ನಾಯಕ ಜೊವಾನ್ನಿ ಜೊಲಿಟ್ಟಿ ತಮ್ಮ ಚುನಾವಣಾ ಕೂಟಕ್ಕೆ ಸೇರಿಸಿಕೊಂಡಿದ್ದರಿಂದಲೇ ಅಷ್ಟಾದರೂ ದಕ್ಕಿತ್ತು. ಆದರೂ ನವೆಂಬರ್‌ನ ವಿಶ್ವಾಸಮತದಲ್ಲಿ ಮುಸ್ಸೊಲಿನಿಯ ಪರ ಬಿದ್ದ ಮತಗಳು 306. ಉಳಿದವನ್ನೆಲ್ಲ ಹಾಕಿದ್ದು ಹಳೆಯ, ಮರ್ಯಾದಸ್ಥ ಪಕ್ಷಗಳು.

ಜರ್ಮನಿಯಲ್ಲೂ ಆದದ್ದು ಇದೇ. 1932ರ ಜುಲೈನಲ್ಲಿ ಶೇ 37.3ರಷ್ಟಿದ್ದ ನಾಜಿ ಪಕ್ಷದ ಮತ ನವೆಂಬರ್ ಹೊತ್ತಿಗೆ ಶೇ 33.1ಕ್ಕೆ ಇಳಿದಿತ್ತು. ಇಳಿಯುತ್ತಿದ್ದ ಪಕ್ಷವನ್ನು ಎತ್ತಿ ಕೂರಿಸಿದವರು ಫ್ರಾಂಜ್ ಫಾನ್ ಪಾಪೆನ್ ಮತ್ತವರ ಸಂಪ್ರದಾಯವಾದಿ ಬಳಗ. ಸಂಪುಟದಲ್ಲಿ ಹಿಟ್ಲರ್ ಬಿಟ್ಟರೆ ನಾಜಿಗಳು ಇಬ್ಬರೇ, ಅವನನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಎಂಬುದು ಅವರ ಲೆಕ್ಕಾಚಾರ. ಹಿಟ್ಲರ್ ಅಧಿಕಾರಕ್ಕೇರಿ ಎರಡು ತಿಂಗಳೂ ತುಂಬುವ ಮೊದಲೇ, 1933ರ ಮಾರ್ಚ್ 23ರಂದು, ಸಂಸತ್ತು ತನ್ನ ಅಧಿಕಾರವನ್ನು 444–94 ಮತಗಳಿಂದ ಹಿಟ್ಲರ್ ಸರ್ಕಾರಕ್ಕೆ ಒಪ್ಪಿಸಿತು. ವಿರೋಧಿಸಿದ್ದು ಸೋಷಿಯಲ್ ಡೆಮಾಕ್ರಾಟರು ಮಾತ್ರ. ಕಮ್ಯುನಿಸ್ಟ್ ಸದಸ್ಯರು ಅದಾಗಲೇ ಸೆರೆಯಲ್ಲೋ ತಲೆಮರೆಸಿಕೊಂಡೋ ಇದ್ದರು.

ಫಿನ್ಲೆಂಡ್ ತಪ್ಪಿಸಿಕೊಂಡ ಬಗೆ

ಅದೇ ವರ್ಷಗಳಲ್ಲಿ ಫಿನ್ಲೆಂಡ್‌ನಲ್ಲಿ ‘ಲಾಪುವಾ ಚಳವಳಿ’ ಎದ್ದಿತು. ಕಮ್ಯುನಿಸ್ಟರ ಮೇಲಿನ ಸಿಟ್ಟಿನಿಂದ ಹುಟ್ಟಿದ ಅದಕ್ಕೆ ರೈತರ, ಪಾದ್ರಿಗಳ, ಬಲಪಂಥೀಯ ರಾಜಕಾರಣಿಗಳ ಬೆಂಬಲವಿತ್ತು. 1930ರ ಜುಲೈನಲ್ಲಿ ಸುಮಾರು 12,000 ಮಂದಿ ಹೆಲ್ಸಿಂಕಿಗೆ ಜಾಥಾ ಬಂದರು. ವಿರೋಧಿಗಳನ್ನು ಕಾರಿಗೆ ತಳ್ಳಿ ಸೋವಿಯತ್ ಗಡಿಯತ್ತ ಒಯ್ಯುವುದು ಚಳವಳಿಯವರ ಅಭ್ಯಾಸವಾಗಿತ್ತು. ಅಕ್ಟೋಬರ್‌ನಲ್ಲಿ ಅವರು ದೇಶದ ಮೊದಲ ಅಧ್ಯಕ್ಷರಾಗಿದ್ದ ಸ್ಟಾಲ್‌ಬರ್ಗ್ ಮತ್ತು ಅವರ ಪತ್ನಿಯನ್ನೇ ಅಪಹರಿಸಿ ಪೂರ್ವದ ಯೊಯೆನ್ಸೂ ಪಟ್ಟಣದವರೆಗೆ ಕರೆದೊಯ್ದು ಬಿಟ್ಟರು. ಅಲ್ಲಿಯವರೆಗೆ ಕಂಡೂ ಕಾಣದಂತಿದ್ದ ಅನೇಕ ಬಲಪಂಥೀಯರು ಆಗ ದೂರ ಸರಿದರು.

1932ರ ಫೆಬ್ರುವರಿ ಕೊನೆಯಲ್ಲಿ ಮ್ಯಾಂಟ್ಸಾಲಾದಲ್ಲಿ ಬಂದೂಕು ಹಿಡಿದವರು ಸೋಷಿಯಲ್ ಡೆಮಾಕ್ರಾಟರ ಸಭೆಗೆ ನುಗ್ಗಿ ಬಂಡಾಯ ಸಾರಿದರು. ಅಂದಿನ ಅಧ್ಯಕ್ಷ ಸ್ವಿನ್‌ಹುವುದ್ ಇದೇ ಚಳವಳಿಯ ಬೆಂಬಲದಿಂದ ಗೆದ್ದು ಬಂದವರು. ಮಾರ್ಚ್ 2ರಂದು ಅವರು ರೇಡಿಯೊದಲ್ಲಿ ಮಾತಾಡಿ, ಮನೆಗೆ ಮರಳುವಂತೆ ಬಂಡಾಯಗಾರರಿಗೆ ತಾಕೀತು ಮಾಡಿದರು. ಜನ ಚದುರಿದರು. ಕಮ್ಯುನಿಸ್ಟರನ್ನು ಹತ್ತಿಕ್ಕಲು ಲಾಪುವಾದವರು ಹಟ ಹಿಡಿದು ತರಿಸಿದ್ದ ಕಾಯ್ದೆಯಡಿಯೇ ಲಾಪುವಾ ಚಳವಳಿ ನಿಷೇಧಗೊಂಡಿತು. ಇಟಲಿಯ ದೊರೆ ಮಾಡದ ಕೆಲಸವನ್ನು ಇಲ್ಲಿ ಚಳವಳಿಗೆ ಹತ್ತಿರದವರೇ ಮಾಡಿದರು.

ಅಮೆರಿಕದ ಪ್ರಶ್ನೆ

ಹತ್ತಿರದವರು ತಡೆದರೇ, ದಾರಿ ಬಿಟ್ಟುಕೊಟ್ಟರೇ ಎಂಬ ಈ ಅಳತೆಗೋಲನ್ನು ಇಂದಿನ ಪ್ರಜಾಪ್ರಭುತ್ವಕ್ಕೆ ಹಿಡಿದು ನೋಡೋಣ. ಫ್ಯಾಸಿಸಂ ಕುರಿತು ಜಗತ್ತು ಗೌರವಿಸುವ ಇತಿಹಾಸಕಾರ ರಾಬರ್ಟ್ ಪ್ಯಾಕ್ಸ್‌ಟನ್ ಡೊನಾಲ್ಡ್ ಟ್ರಂಪ್‌ಗೆ ಆ ಹಣೆಪಟ್ಟಿ ಹಚ್ಚಲು ವರ್ಷಗಟ್ಟಲೆ ಒಪ್ಪಿರಲಿಲ್ಲ. 2021ರ ಜನವರಿ 6ರಂದು ಗುಂಪೊಂದು ಸಂಸತ್ ಭವನಕ್ಕೆ ನುಗ್ಗಿದ ಮೇಲೆ ತಮ್ಮ ಆಕ್ಷೇಪವನ್ನು ಹಿಂತೆಗೆದುಕೊಂಡರು. ಚುನಾವಣೆಯ ಫಲಿತಾಂಶವನ್ನು ಬಲದಿಂದ ತಿರುಗಿಸುವ ಯತ್ನ ಅವರ ಪಾಲಿಗೆ ಗೆರೆ ದಾಟಿದ ಹೆಜ್ಜೆ. ಈ ಪದ ಇಲ್ಲಿ ಸಲ್ಲದು ಎನ್ನುವ ಇತಿಹಾಸಕಾರರೂ ಇದ್ದಾರೆ.

ಆ ದಿನಗಳಲ್ಲಿ ಎರಡೂ ಬಗೆಯ ನಡೆಗಳು ಕಂಡವು. ಜನವರಿ 2ರಂದು ಟ್ರಂಪ್ ಜಾರ್ಜಿಯಾದ ಚುನಾವಣಾ ಉಸ್ತುವಾರಿ ಬ್ರಾಡ್ ರಾಫೆನ್ಸ್‌ಪರ್ಗರ್‌ಗೆ ಫೋನ್ ಮಾಡಿ, ತಮಗೆ 11,780 ಮತ ಹುಡುಕಿಕೊಡಬೇಕೆಂದು ಕೇಳಿದರು. ಅಲ್ಲಿ ಅವರು ಸೋತಿದ್ದು 11,779 ಮತಗಳಿಂದ. ರಿಪಬ್ಲಿಕನ್ ಪಕ್ಷದವರೇ ಆದ ರಾಫೆನ್ಸ್‌ಪರ್ಗರ್ ಒಪ್ಪಲಿಲ್ಲ. ಇನ್ನೊಂದೆಡೆ, ಭವನದಲ್ಲಿ ಒಡೆದ ಗಾಜು ಇನ್ನೂ ಬಿದ್ದಿರುವಾಗಲೇ 147 ರಿಪಬ್ಲಿಕನ್ ಸದಸ್ಯರು ಫಲಿತಾಂಶಕ್ಕೆ ಆಕ್ಷೇಪವೆತ್ತಿ ಮತ ಹಾಕಿದರು. ಫೆಬ್ರುವರಿಯ ವಾಗ್ದಂಡನೆ ವಿಚಾರಣೆಯಲ್ಲಿ ಸೆನೆಟ್‌ನ 57 ಸದಸ್ಯರು ಟ್ರಂಪ್ ತಪ್ಪಿತಸ್ಥರೆಂದರು, ಶಿಕ್ಷೆಗೆ ಬೇಕಿದ್ದದ್ದು 67. ಮತ್ತೆ ಅಧ್ಯಕ್ಷರಾದ ದಿನವೇ, 2025ರ ಜನವರಿ 20ರಂದು, ಅವರು ಆ ದಾಳಿಯ ಸುಮಾರು 1,500 ಆರೋಪಿಗಳಿಗೆ, ಅಪರಾಧಿಗಳಿಗೆ ಕ್ಷಮಾದಾನ ನೀಡಿದರು.

ಹಾಗೆಂದು ಅಮೆರಿಕವನ್ನು 1926ರ ಇಟಲಿಯ ಪಕ್ಕದಲ್ಲಿ ನಿಲ್ಲಿಸಲಾಗದು. ಆ ವರ್ಷ ಇಟಲಿಯಲ್ಲಿ ವಿರೋಧ ಪಕ್ಷಗಳೆಲ್ಲ ನಿಷೇಧಗೊಂಡಿದ್ದವು. ಅಮೆರಿಕದಲ್ಲಿ ಚುನಾವಣೆ ನಡೆಸುವ ಹೊಣೆ ಐವತ್ತು ರಾಜ್ಯಗಳಲ್ಲಿ ಹಂಚಿಹೋಗಿದೆ. 2020ರ ಫಲಿತಾಂಶದ ವಿರುದ್ಧ ಹೂಡಿದ ಮೊಕದ್ದಮೆಗಳು ಒಂದಾದ ಮೇಲೊಂದು ಬಿದ್ದುಹೋದವು. ಆ ಫಲಿತಾಂಶವನ್ನು ಅಲ್ಲಗಳೆದು ಚುನಾವಣಾ ಉಸ್ತುವಾರಿಯ ಹುದ್ದೆಗೇ ಸ್ಪರ್ಧಿಸಿದವರನ್ನು 2022ರಲ್ಲಿ ಅರಿಜೋನಾ, ನೆವಾಡ, ಮಿಷಿಗನ್ ಮತದಾರರು ಸೋಲಿಸಿದರು. ಮುನ್ಸೂಚನೆಗಳು ನಿಜ, ಫ್ಯಾಸಿಸ್ಟ್ ರಾಜ್ಯ ಎಂಬ ತೀರ್ಪಿಗೆ ಮಾತ್ರ ಅವು ಸಾಲವು.

ಓದುಗರು ಯಾವುದೇ ದೇಶವನ್ನು ನೋಡುವಾಗ ನಾಯಕನ ಭಾಷಣದ ಜೊತೆಗೆ ಅವನ ಮಿತ್ರರ ನಡೆಯನ್ನೂ ಗಮನಿಸಲಿ. ತಮ್ಮ ಕಡೆಯವರು ಹಲ್ಲೆಗಿಳಿದಾಗ ಅವರು ಖಂಡಿಸಿದರೇ, ಸಬೂಬು ಹೇಳಿದರೇ? ಸೋತಾಗ ಸೋಲನ್ನು ಒಪ್ಪಿದರೇ? ಎದುರಾಳಿಯನ್ನು ದೇಶದ್ರೋಹಿ ಎಂದಾಗ ಎದ್ದು ನಿಂತು ಬೇಡವೆಂದವರು ಆ ಪಕ್ಷದೊಳಗೆ ಎಷ್ಟು ಮಂದಿ? ಮುಂದಿನ ಚುನಾವಣೆಯಲ್ಲಿ ಅವರಿಗೆ ಟಿಕೆಟ್ ಸಿಕ್ಕಿತೇ ಎಂಬುದನ್ನೂ ನೋಡಬೇಕು.