ಹಳಿ ಬದಲಾಯಿತು, ಹಳೆಯದನ್ನು ಎಲ್ಲಿಟ್ಟೆವು?

1884ರಲ್ಲಿ ಹೋಟಗಿ–ಗದಗ ರೈಲು ಮಾರ್ಗ ವಿಜಯಪುರ, ಬಾಗಲಕೋಟೆ, ಬಾದಾಮಿಗಳನ್ನು ಹಾದುಹೋಯಿತು. ಕಲಾದಗಿ ಹೊರಗುಳಿಯಿತು. ಆಗ ಜಿಲ್ಲೆಯ ಹೆಸರೇ ಕಲಾದಗಿ, ಸರ್ಕಾರಿ ಕಚೇರಿಗಳೆಲ್ಲ ಅಲ್ಲೇ. ಮರುವರ್ಷವೇ ಜಿಲ್ಲಾ ಕೇಂದ್ರ ವಿಜಯಪುರಕ್ಕೆ ಎದ್ದುಹೋಯಿತು. ಈ ಸೀಮೆಯ ಊರುಗಳ ಹಣೆಬರಹ ಬದಲಿಸಿದ ಹಳಿ ಇದು.

ಹಾಕಿದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. 1876–78ರ ಬರದಲ್ಲಿ ಈ ಭಾಗಕ್ಕೆ ಹೊತ್ತಿಗೆ ಸರಿಯಾಗಿ ಕಾಳು ಸಾಗಿಸಲಾಗದೆ ಜನ ಸತ್ತರು. ಅದರ ಬೆನ್ನಿಗೇ ಇಲ್ಲಿಗೆ ರೈಲು ಬೇಕೆಂಬ ಮಾತು ಗಟ್ಟಿಯಾಯಿತು. ಒಂದು ಮೀಟರ್ ಅಗಲದ ಆ ಒಂಟಿ ಹಳಿಯ ಮೇಲೆ ಬಾಗಲಕೋಟೆ ಶತಮಾನಕ್ಕೂ ಮಿಕ್ಕಿ ಓಡಾಡಿತು. 2000ರ ದಶಕ ಮುಗಿಯುವ ಹೊತ್ತಿಗೆ ಬ್ರಾಡ್‌ಗೇಜ್ ಬಂತು. ಆಮೇಲೆ 284 ಕಿಲೋಮೀಟರ್ ಉದ್ದದ ಈ ಮಾರ್ಗಕ್ಕೆ ಜೋಡಿ ಹಳಿಯ ಕೆಲಸ ಕೈಗೆತ್ತಿಕೊಂಡರು.

ಇವೆಲ್ಲ ಆಗಬೇಕಾದ್ದೇ. ನನ್ನ ಸಂಕಟ ಬೇರೆ. ಒಂಟಿ ಹಳಿಯ ಕಾಲದ ಟೋಕನ್ ಯಂತ್ರವನ್ನೇ ನೋಡಿ. ಎರಡು ನಿಲ್ದಾಣಗಳ ಯಂತ್ರಗಳಿಗೆ ವಿದ್ಯುತ್ ತಂತಿಯ ನಂಟು. ಮುಂದಿನ ನಿಲ್ದಾಣದವರು ಗಂಟೆ ಬಾರಿಸಿ ಒಪ್ಪಿಗೆ ಕೊಟ್ಟರೆ ಮಾತ್ರ ಈಚೆಯ ಪೆಟ್ಟಿಗೆಯಿಂದ ಟೋಕನ್ ಎಂಬ ಲೋಹದ ಗುಂಡೊಂದು ಹೊರಬರುತ್ತಿತ್ತು. ಅದನ್ನು ಚೀಲದಲ್ಲಿ ಹಾಕಿ, ದೊಡ್ಡ ಬಳೆಗೆ ಕಟ್ಟಿ ಚಾಲಕನ ಕೈಗೆ ಕೊಟ್ಟರೆ ಮಾತ್ರ ಗಾಡಿ ಮುಂದೆ ಹೋಗಬಹುದಿತ್ತು. ನಿಲ್ಲದ ಗಾಡಿಯಾದರೆ ಅದು ಓಡುತ್ತಿರುವಾಗಲೇ ಆತ ತೋಳು ಚಾಚಿ ಬಳೆ ಸೆಳೆದುಕೊಳ್ಳುತ್ತಿದ್ದ. ಆ ಗುಂಡು ಮುಂದಿನ ಪೆಟ್ಟಿಗೆ ಸೇರುವವರೆಗೆ ಇನ್ನೊಂದು ಗುಂಡು ಎರಡೂ ಕಡೆ ಹೊರಬರುವಂತಿರಲಿಲ್ಲ. ಎದುರುಬದುರು ಗಾಡಿಗಳು ಡಿಕ್ಕಿಯಾಗದಂತೆ ಸಾವಿರಾರು ಜೀವ ಕಾಯ್ದದ್ದು ಅಂಗೈಯಲ್ಲಿ ಹಿಡಿಸುವ ಆ ಗುಂಡು. ಇಂಥವು ಗುಜರಿಗೆ ಹೋದರೆ ಮುಂದಿನ ಮಕ್ಕಳಿಗೆ ತೋರಿಸಲು ಏನಿರುತ್ತದೆ?

ಬಾದಾಮಿಯ ಗುಹೆಗಳಿಗೆ ಪುರಾತತ್ವ ಇಲಾಖೆಯಿದೆ, ಪಟ್ಟದಕಲ್ಲಿಗೆ 1987ರಿಂದ ಯುನೆಸ್ಕೊ ಮಾನ್ಯತೆಯಿದೆ. ಆ ಊರುಗಳಿಗೆ ಜಗತ್ತಿನ ದಾರಿ ತೆರೆದ ರೈಲಿನ ಸಾಮಾನುಗಳಿಗೂ ಒಂದು ನೆಲೆ ಬೇಕು. ಬಾಗಲಕೋಟೆಗಂತೂ ಇದು ಹೆಚ್ಚು ಅಗತ್ಯ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಮನೆ, ಓಣಿ ಬಿಟ್ಟುಕೊಟ್ಟು ನವನಗರಕ್ಕೆ ಬಂದ ಊರಿದು. ಹಳೆಯದೆಂದು ಮುಟ್ಟಿ ತೋರಿಸಲು ಇಲ್ಲಿ ಉಳಿದಿರುವುದೇ ಕಡಿಮೆ.

ಅಮೃತ ಭಾರತ ಯೋಜನೆಯಲ್ಲಿ ನವೀಕರಣಗೊಂಡ ಬಾಗಲಕೋಟೆ ನಿಲ್ದಾಣ 2025ರ ಮೇ 22ರಂದು ಉದ್ಘಾಟನೆಯಾಯಿತು. ಪ್ರಯಾಣಿಕರಿಗೆ ಅನುಕೂಲವಾಯಿತು, ಸಂತೋಷ. ಅದೇ ಅಂಗಳದಲ್ಲಿ ಈ ಮಾರ್ಗದ ಕಥೆಗೊಂದು ಕೋಣೆಯೂ ಸಿಗಲಿ. ಹುಬ್ಬಳ್ಳಿಯಲ್ಲಿ ಮಾದರಿಯಿದೆ: 2020ರಲ್ಲಿ ತೆರೆದ ರೈಲ್ವೆ ಮ್ಯೂಸಿಯಂ ಇರುವುದು ಎರಡು ಹಳೆಯ ಕಲ್ಲು ಕಟ್ಟಡಗಳಲ್ಲಿ. ಅವುಗಳ ಹೆಸರು ಮಲಪ್ರಭಾ, ಘಟಪ್ರಭಾ. ಎರಡೂ ನಮ್ಮ ಬಾಗಲಕೋಟೆ ಜಿಲ್ಲೆಯ ಹೊಳೆಗಳೇ.

ಇದೇ ಜಿಲ್ಲೆಯ ಹುನಗುಂದ, ಇಳಕಲ್‌ಗಳ ಪಾಡು ಬೇರೆ. ಸೀರೆ ನೇಯುವ, ಕೆಂಪು ಗ್ರಾನೈಟ್ ಕಳಿಸುವ ಇಳಕಲ್ಲಿಗೆ ಇನ್ನೂ ರೈಲಿಲ್ಲ. ನೆರೆಯ ಕುಷ್ಟಗಿಗೆ 2025ರಲ್ಲಿ ಬಂತು. ಬಾಗಲಕೋಟೆ–ಕುಡಚಿ ಹೊಸ ಮಾರ್ಗದ ಹಳಿ ಕಲಾದಗಿ ಸಮೀಪದ ಖಜ್ಜಿಡೋಣಿ ಮುಟ್ಟಿದೆ. ಇಂಥ ಹೊಸ ಮಾರ್ಗಗಳಲ್ಲಿ ಮೊದಲ ದಿನದಿಂದಲೇ ನಕ್ಷೆ, ಫೋಟೊ, ಟಿಕೆಟ್ ಜೋಪಾನ ಮಾಡಬಹುದು. ಬಾಗಲಕೋಟೆಯಲ್ಲಿ ಮಾತ್ರ ಅವಸರವಿದೆ. ಮೀಟರ್ ಗೇಜ್‌ನಲ್ಲಿ ದುಡಿದ ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್, ಸ್ಟೇಷನ್ ಮಾಸ್ತರರಿಗೆ ವಯಸ್ಸಾಗಿದೆ. ಕೋಣೆ ಮಂಜೂರಾಗುವ ಮೊದಲೇ ಕಾಲೇಜಿನ ಹುಡುಗರು ಅವರ ಮನೆಗೆ ಹೋಗಿ ಮಾತು ರೆಕಾರ್ಡ್ ಮಾಡಿಕೊಳ್ಳಲಿ.