ವಿಮಾನದ ಮೊಳೆ, ಬೋಲ್ಟು, ತಂತಿ

ಕೊಯಮತ್ತೂರಿಗೆ ಪೂರ್ವದಲ್ಲಿರುವ ಸೂಲೂರಿನಲ್ಲಿ ಭಾರತೀಯ ವಾಯುಪಡೆಯ ನಿಲ್ದಾಣವಿರುವುದನ್ನು ನಮ್ಮ ಬಾಲಕ ಬಾಲಕಿಯರೆಲ್ಲ ಬಲ್ಲರು. ಬೆಂಗಳೂರಿನಲ್ಲಿ ನಿರ್ಮಾಣವಾದ ‘ತೇಜಸ್’ ಯುದ್ಧವಿಮಾನಗಳ ಮೊದಲನೆಯ ದಳವು 2018ರಲ್ಲಿ ಅಲ್ಲಿಗೆ ಬಂದಿತು. 2020ರಲ್ಲಿ ಎರಡನೆಯ ದಳವೂ ಅಲ್ಲಿಯೇ ಕಾರ್ಯಾರಂಭ ಮಾಡಿತು. ಆಕಾಶದಲ್ಲಿ ಗುಡುಗುತ್ತ ಸಾಗುವ ವಿಮಾನವನ್ನು ಕಂಡಾಗ ನಮಗೆ ಮೊದಲು ನೆನಪಾಗುವುದು ಅದರ ಎಂಜಿನು. ಆದರೆ ಆ ವಿಮಾನದ ಭಾಗಗಳೆಲ್ಲವನ್ನೂ ಬಿಡದೆ ಹಿಡಿದಿರುವುವು ಬೆರಳಿಗಿಂತಲೂ ಚಿಕ್ಕವಾದ ವಸ್ತುಗಳು. ಅವುಗಳ ವಿಚಾರವನ್ನು ಇಲ್ಲಿ ತಿಳಿಯೋಣ.

ಬಹುಕಾಲದಿಂದ ವಿಮಾನದ ಹೊದಿಕೆಯನ್ನು ಅಲ್ಯೂಮಿನಿಯಂ ಮಿಶ್ರಲೋಹದ ತೆಳು ತಗಡುಗಳಿಂದ ಮಾಡುತ್ತ ಬಂದಿದ್ದಾರೆ. ಇವುಗಳನ್ನು ಬೆಸುಗೆಯಿಂದ ಸೇರಿಸಬಾರದೇ ಎಂದು ನೀವು ಕೇಳಬಹುದು. ಬೆಸುಗೆಯ ಕಾವಿಗೆ ಈ ಲೋಹವು ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ತಗಡುಗಳಲ್ಲಿ ರಂಧ್ರ ಕೊರೆದು, ರಿವೆಟ್ಟು ಎಂಬ ಮೊಳೆಯನ್ನು ತೂರಿಸಿ, ಅದರ ಬಾಲವನ್ನು ಬಡಿದು ಚಪ್ಪಟೆ ಮಾಡುತ್ತಾರೆ. ಕೆಲವು ಬಗೆಯ ರಿವೆಟ್ಟುಗಳನ್ನು ಕಾಯಿಸಿ ನೀರಿನಲ್ಲಿ ತಣಿಸಿದರೆ, ಅವು ಸ್ವಲ್ಪ ಹೊತ್ತು ಮೃದುವಾಗಿದ್ದು ಬಳಿಕ ತಾವಾಗಿಯೇ ಗಡುಸಾಗುತ್ತವೆ. ಅವುಗಳನ್ನು ಶೀತಪೆಟ್ಟಿಗೆಯಲ್ಲಿಟ್ಟರೆ ಈ ಕ್ರಿಯೆ ನಿಧಾನವಾಗುವುದು. ಕೆಲಸಗಾರರು ಬೇಕಾದಷ್ಟನ್ನೇ ಹೊರತೆಗೆದು, ಮೃದುವಾಗಿರುವಾಗಲೇ ಬಡಿದು ಮುಗಿಸುತ್ತಾರೆ.

ತೇಜಸ್ ವಿಮಾನದ ಹೊರಮೈ ಬಹುಪಾಲು ಇಂಗಾಲದ ನಾರುಗಳನ್ನು ಅಂಟಿನಲ್ಲಿ ಕೂಡಿಸಿ ಮಾಡಿದ್ದು. ಇಂಗಾಲವೂ ಅಲ್ಯೂಮಿನಿಯಮ್ಮೂ ತೇವದಲ್ಲಿ ಒಂದನ್ನೊಂದು ಮುಟ್ಟಿದರೆ, ಟಾರ್ಚಿನ ಸೆಲ್ಲಿನಲ್ಲಿ ಆಗುವಂತೆಯೇ ವಿದ್ಯುತ್ತು ಹರಿದು ಅಲ್ಯೂಮಿನಿಯಂ ಸವೆಯುವುದು. ಹೀಗಾಗಿ ಇಂತಹ ಹೊದಿಕೆಗೆ ಟೈಟಾನಿಯಂ ಲೋಹದ ಬಂಧಕಗಳು ಹೊಂದುತ್ತವೆ.

ಬಿಚ್ಚಿ ಜೋಡಿಸಬೇಕಾದ ಕಡೆಗಳಲ್ಲಿ ಬೋಲ್ಟು ಬೇಕು. ಬಿಗಿದಾಗ ಬೋಲ್ಟು ಸ್ಪ್ರಿಂಗಿನಂತೆ ಅತ್ಯಲ್ಪವಾಗಿ ಹಿಗ್ಗುತ್ತದೆ. ಆ ಸೆಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಕಡಿಮೆ ಬಿಗಿದರೆ ಸಡಿಲವಾಗುವುದು, ಹೆಚ್ಚು ಬಿಗಿದರೆ ಮುರಿಯುವುದು. ಅದಕ್ಕಾಗಿ ಬಿಗಿತವನ್ನು ಅಳೆದು ತೋರಿಸುವ ಸ್ಪ್ಯಾನರನ್ನೇ ಬಳಸುತ್ತಾರೆ.

ನೀರೆತ್ತುವ ಪಂಪಿನ ನಟ್ಟು ಅದುರಿ ಅದುರಿ ಸಡಿಲವಾಗುವುದನ್ನು ನಮ್ಮ ತೋಟಗಳಲ್ಲಿ ಯಾರು ಕಂಡಿಲ್ಲ? ವಿಮಾನದ ಅದುರುವಿಕೆಯೇನೂ ಕಡಿಮೆಯದಲ್ಲ. ಆದುದರಿಂದ ಕೆಲವೆಡೆ ನಟ್ಟಿನ ಗಾಡಿಯಲ್ಲಿ ಪಿನ್ನನ್ನು ತೂರಿಸಿ ಅದರ ತುದಿಗಳನ್ನು ಮಡಿಸುತ್ತಾರೆ. ಮತ್ತೆ ಕೆಲವೆಡೆ ಬೋಲ್ಟುಗಳ ತಲೆಗಳಲ್ಲಿ ರಂಧ್ರವಿರುತ್ತದೆ. ಅವುಗಳ ಮೂಲಕ ತಂತಿಯನ್ನು ಹಾಯಿಸಿ, ಹುರಿಗೊಳಿಸಿ, ಒಂದು ಬೋಲ್ಟು ಸಡಿಲವಾಗಲು ಹೊರಟರೆ ಇನ್ನೊಂದನ್ನು ಬಿಗಿಯುವಂತೆ ಕಟ್ಟುತ್ತಾರೆ. ಎಂತಹ ಸರಳ ಉಪಾಯ!

ಇಷ್ಟೊಂದು ಎಚ್ಚರ ಏಕೆಂಬುದನ್ನು ಒಂದು ಘಟನೆಯು ತಿಳಿಸುತ್ತದೆ. 1990ನೆಯ ಇಸವಿ ಜೂನ್ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಹೊರಟ ಪ್ರಯಾಣಿಕರ ವಿಮಾನವೊಂದು ಸುಮಾರು 17,300 ಅಡಿ ಎತ್ತರದಲ್ಲಿದ್ದಾಗ, ಚಾಲಕನ ಮುಂದಿನ ಗಾಜು ಹಠಾತ್ತನೆ ಕಿತ್ತುಹೋಯಿತು. ಒಳಗಿನ ಗಾಳಿಯ ಒತ್ತಡವು ಮುಖ್ಯ ಚಾಲಕನ ಅರ್ಧ ದೇಹವನ್ನು ಹೊರಕ್ಕೆ ನೂಕಿತು. ಸಹೋದ್ಯೋಗಿಗಳು ಅವನನ್ನು ಭದ್ರವಾಗಿ ಹಿಡಿದುಕೊಂಡರು. ಉಪಚಾಲಕನು ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದನು. ದೈವವಶಾತ್ ಎಲ್ಲರೂ ಬದುಕಿದರು. ತನಿಖೆಯಲ್ಲಿ ಕಾರಣ ಹೊರಬಿತ್ತು. ಸ್ವಲ್ಪ ಹಿಂದೆಯಷ್ಟೇ ಬದಲಿಸಿದ್ದ ಆ ಗಾಜಿನ 90 ಬೋಲ್ಟುಗಳಲ್ಲಿ 84 ಬೋಲ್ಟುಗಳ ವ್ಯಾಸವು ಸುಮಾರು 0.66 ಮಿಲಿಮೀಟರಿನಷ್ಟು ಕಡಿಮೆಯಾಗಿತ್ತು! ಹೊಸ ಬೋಲ್ಟುಗಳನ್ನು ಪುಸ್ತಕದಲ್ಲಿರುವ ಸಂಖ್ಯೆಯಿಂದಲ್ಲ, ಹಳೆಯವುಗಳ ಪಕ್ಕದಲ್ಲಿಟ್ಟು ಕಣ್ಣಳತೆಯಿಂದ ಆರಿಸಿದ್ದರು.

ನಮ್ಮ ಜಿಲ್ಲೆಗಳ ಅನೇಕ ತಂದೆತಾಯಿಗಳು ಗಿರಣಿಗಳಲ್ಲಿಯೂ ಎರಕದ ಕಾರ್ಖಾನೆಗಳಲ್ಲಿಯೂ ಪಂಪು ತಯಾರಿಸುವಲ್ಲಿಯೂ ದುಡಿಯುವವರು. ಅಳತೆಗೋಲಿನ ಬೆಲೆಯನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ. ವಿದ್ಯಾರ್ಥಿಗಳು ಮಾತ್ರ ಇದನ್ನು ನೆನಪಿಡಲಿ: ಲೆಕ್ಕದ ಪುಸ್ತಕದಲ್ಲಿ ದಶಮಾಂಶದ ಬಿಂದು ತಪ್ಪಿದರೆ ಒಂದು ಅಂಕ ಹೋದೀತು; ಕೆಲಸದ ಸ್ಥಳದಲ್ಲಿ ಅದೇ ತಪ್ಪಾದರೆ ಹೋಗುವುದು ಮನುಷ್ಯರ ಪ್ರಾಣ.